ಹುಣಸೇಬನದಲ್ಲಿ ನಾನು ಕಿತ್ತ ಕಳೆ

1983ರ ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ, ರಾಯಚೂರು ನಗರದ ಅಂಚಿನಲ್ಲಿರುವ ಹುಣಸೇಬನದಲ್ಲಿ ಬಳ್ಳಾರಿ ಜಾಲಿ ಕಡಿಯುವ ಶ್ರಮದಾನ ಆರಂಭವಾಯಿತು. ಹಾಜರಿದ್ದವರು ಹನ್ನೊಂದು ಮಂದಿ. ಕೊಡಲಿ ಎರಡು. ಭಾಷಣ ನಾಲ್ಕು. ಮೊದಲ ಮುಳ್ಳು ಏಳಕ್ಕೆ ಹತ್ತು ನಿಮಿಷವಿರುವಾಗ ನನ್ನ ಎಡಗಾಲಿಗೆ ಚುಚ್ಚಿತು.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನು ದಿನಪತ್ರಿಕೆಯೊಂದರ ವರದಿಗಾರ. ಕಂಡದ್ದನ್ನು ಬರೆಯುವುದು, ಬರೆದದ್ದನ್ನು ಎರಡು ಸಲ ಪರಿಶೀಲಿಸುವುದು ನನ್ನ ವೃತ್ತಿ. ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಪರಿಶೀಲಿಸದೆ ಮಾಡಿದ್ದು ಇದೊಂದೇ. ಹಾಗಾಗಿ ಇದೊಂದೇ ಊರಿಗೆಲ್ಲ ನೆನಪಿದೆ.

ಹುಣಸೇಬನ ಐದಾರು ಎಕರೆಯ ಹಳೆಯ ತೋಪು. ಹೆಸರಿಗೆ ತಕ್ಕಂತೆ ಹುಣಸೆ ಮರಗಳು, ನಡುವೆ ಒಂದಷ್ಟು ಬೇವು. ಯಾವ ಕಾಲದಲ್ಲೋ ಯಾರೋ ಬೇಲಿಗೆಂದು ಹಚ್ಚಿದ ಬಳ್ಳಾರಿ ಜಾಲಿ ಬೇಲಿಯ ಕೆಲಸ ಬಿಟ್ಟು ಒಳಗೆ ನಡೆದು ಬಂದು, ಇಡೀ ತೋಪನ್ನು ಮುಳ್ಳಿನ ಕಾಡು ಮಾಡಿತ್ತು. ಹುಣಸೆಗೆ ಉಸಿರಿರಲಿಲ್ಲ, ಬೇವಿನ ಬುಡಕ್ಕೆ ದಾರಿ ಇರಲಿಲ್ಲ. ನಡುವೆ ನಿಂತಿದ್ದ ಒಂದೇ ಒಂದು ಬನ್ನಿ ಮರ ಜಾಲಿಯ ನಡುವೆ ಸಿಕ್ಕು ಹಿಂದಿನ ವರ್ಷ ಒಣಗಿಹೋಗಿತ್ತು.

ಆ ಬನ್ನಿಗಾಗಿ ಅಳುವವರು ಒಬ್ಬರೇ ಇದ್ದರು. ತೋಪಿನ ಮಾಲಿ ಹನುಮಂತಪ್ಪ. ಮೂವತ್ತು ವರ್ಷ ಅಲ್ಲೇ ನೀರು ಹಾಕಿದವರು. ಅಕ್ಟೋಬರ್ ಕೊನೆಗೆ ಅವರ ನಿವೃತ್ತಿ. ಶ್ರಮದಾನದ ಮುಂಚಿನ ದಿನ ಅವರು ಒಣಗಿದ ಬೊಡ್ಡೆಯ ಮೇಲೆ ಕೈ ಇಟ್ಟು ನನಗೆ ಹೇಳಿದ್ದು ಇಷ್ಟೇ:

"ಸಾಹೇಬ್ರ, ನಾ ಕೆಲಸಕ್ಕ ಬಂದಾಗ ಇಲ್ಲಿ ಬನ್ನಿ ಇತ್ತು. ನಾ ಹೋಗಾಗೂ ಇರಬೇಕು. ಶಾಲು ಬ್ಯಾಡ, ಹಾರ ಬ್ಯಾಡ. ಒಂದು ಬನ್ನಿ ಸಾಕು."

"ಒಂದ್ಯಾಕ ಹನುಮಂತಪ್ಪ, ಇನ್ನೂರು ಹಚ್ಚೋಣ!" ಎಂದೆ.

ಮಾತು ಬಾಯಿಂದ ಬಂದದ್ದು ಹೀಗೆ. ನಾನು ಆಗಷ್ಟೇ 'ಹುಣಸೇಬನ ಗೆಳೆಯರ ಬಳಗ'ದ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿಯಾದವನಿಗೆ ಸಣ್ಣ ಸಂಖ್ಯೆ ಹೇಳಲು ನಾಲಿಗೆ ಬರುವುದಿಲ್ಲ.

ಮೊದಲ ಭಾನುವಾರದ ಫಲಿತಾಂಶ ಅದ್ಭುತವಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ಹನ್ನೊಂದು ಮಂದಿ ಅರವತ್ತಾಗಿದ್ದರು. ಜನ ಬಂದರು, ಕಡಿದ ಟೊಂಗೆ ಎಳೆದರು, ಕಟ್ಟಿದರು, ಹೊತ್ತರು, ಹೋದರು. ಇಂಥ ಶಿಸ್ತಿನ ಸ್ವಯಂಸೇವಕರನ್ನು ನಾನು ಕಂಡಿರಲಿಲ್ಲ. 'ಅರವತ್ತು ಸ್ವಯಂಸೇವಕರ ಉತ್ಸಾಹ' ಎಂದು ವರದಿ ಕಳಿಸಿದೆ. ಮರುದಿನ ಬಳಗದ ಅಧ್ಯಕ್ಷ, ನನ್ನ ಗೆಳೆಯ ಮಾರೆಪ್ಪ ಮಾಸ್ತರ ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದ.

"ಲೇ, ಅವರು ಸ್ವಯಂಸೇವಕರಲ್ಲೋ, ಉರುವಲಿಗೆ ಕಟ್ಟಿಗಿ ಒಯ್ಯಾಕ ಬಂದವ್ರು. ನಮ್ಮ ಮನಿಗೂ ಎರಡು ಹೊರಿ ಬಂದಾವ. ನಮ್ಮವ್ವ ಬಂದಿದ್ಲು, ನೋಡಲಿಲ್ಲೇನು?"

"ನೋಡಿದೆ. ಎಣಿಸಿದೀನಿ ಕೂಡ" ಎಂದೆ.

ಇಪ್ಪತ್ತು ದಿನಗಳ ನಂತರ ತೋಪಿಗೆ ಹೋದಾಗ ಪ್ರತಿ ಬೊಡ್ಡೆಯಿಂದಲೂ ಏಳೆಂಟು ಹೊಸ ಚಿಗುರು ಎದ್ದಿದ್ದವು. ಮೊದಲು ಒಂದು ಗಿಡವಿದ್ದ ಕಡೆ ಈಗ ಒಂದು ಕುಟುಂಬ! ಹನುಮಂತಪ್ಪ ಬೀಡಿ ಹಚ್ಚುತ್ತ ಹೇಳಿದರು:

"ನೀವು ಅದಕ್ಕ ಕಟಿಂಗ್ ಮಾಡಿ ಕಳಿಸೀರಿ ಸಾಹೇಬ್ರ. ಬೇರು ತೆಗೀಬೇಕು."

ಬೇರು ತೆಗೆಯುವುದು ಹಾರೆ, ಗುದ್ದಲಿಗಳ ಕೆಲಸ. ಅದರಲ್ಲಿ ಭಾಷಣಕ್ಕೆ ಅವಕಾಶ ಕಡಿಮೆ. ಹಾಗಾಗಿ ಎರಡನೆಯ ಭಾನುವಾರ ಏಳು ಮಂದಿ ಬಂದರು. ಮೂರನೆಯ ಭಾನುವಾರ ನಾಲ್ಕು. ಆಮೇಲೆ ನಾನು, ಮಾರೆಪ್ಪ, ಹನುಮಂತಪ್ಪ. ಮೂವರಲ್ಲಿ ಕೆಲಸ ಮಾಡಿದವರು ಹನುಮಂತಪ್ಪ. ನನ್ನ ಸೈಕಲ್ಲಿನ ಎರಡೂ ಚಕ್ರಗಳಲ್ಲಿ ಆ ತಿಂಗಳು ಹದಿನಾಲ್ಕು ಪಂಕ್ಚರ್. ಸೈಕಲ್ ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಂತು ಕುರ್ಚಿ ಕೊಡುವ ಮಟ್ಟಕ್ಕೆ ಗೌರವ ಏರಿತು. ಹಿಮ್ಮಡಿಯಲ್ಲಿ ಮುರಿದ ಮುಳ್ಳು ಕೀವಾಗಿ, ನಾನು ಒಂದು ವಾರ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಪತ್ರಿಕಾಗೋಷ್ಠಿಗಳಿಗೆ ಹೋದೆ.

"ಏನ್ರಿ, ಇಷ್ಟು ದಿನ ಮುಳ್ಳು ತೋಪಿನಾಗ ಇದ್ವು. ಈಗ ನಮ್ಮ ಹಾಸಿಗಿಗಿ ಬಂದಾವ" ಎಂದಳು ನನ್ನ ಹೆಂಡತಿ ಶಾಂತಾ, ನನ್ನ ಪ್ಯಾಂಟಿನಿಂದ ಮುಳ್ಳು ಆರಿಸುತ್ತ. "ಯಾರು ಯಾರನ್ನ ತೆಗ್ಯಾಕತ್ತಾರ, ಒಂದೀಟು ವಿಚಾರ ಮಾಡ್ರಿ."

ಆದರೂ ಜೂನ್ ನಡುವಿನ ಹೊತ್ತಿಗೆ ನಡುವಿನ ಅರ್ಧ ಎಕರೆ ಬೇರುಸಹಿತ ಬಯಲಾಗಿತ್ತು. ಒಂದೇ ಒಂದು ಜಾಲಿ ಇರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ನಾನೊಬ್ಬ ಗೌರವಾನ್ವಿತ ನಾಗರಿಕ.

ನಿಲ್ಲಿಸಲಿಲ್ಲ. ಗೊಬ್ಬರದ ವಿಚಾರ ತಲೆಗೆ ಹೊಕ್ಕಿತು.

ನಮ್ಮ ಕಡೆ ಹೊಲಕ್ಕೆ ಸತ್ವ ಬರಬೇಕೆಂದರೆ ಕುರಿ ತರುಬಿಸುತ್ತಾರೆ. ಅಂದರೆ ಕುರಿಗಾರನ ಹಿಂಡನ್ನು ಕೆಲವು ದಿನ ಹೊಲದಲ್ಲೇ ಕೂಡಿಹಾಕಿಸುವುದು. ಕುರಿ ಹಿಕ್ಕೆ ಹಾಕುತ್ತದೆ, ಮಣ್ಣು ಬಂಗಾರವಾಗುತ್ತದೆ. ಹೊಲಕ್ಕೆ ಮಾಡುವುದನ್ನು ವನಕ್ಕೆ ಮಾಡಿದವರು ಯಾರೂ ಇರಲಿಲ್ಲ. ನಾನು ಮೊದಲಿಗ! ಆಗ ಗಿಲ್ಲೆಸುಗೂರು ಕಡೆಯಿಂದ ಮುನ್ನೂರು ಕುರಿಗಳೊಂದಿಗೆ ಬರುತ್ತಿದ್ದ ಬೀರಪ್ಪಜ್ಜನನ್ನು ರಸ್ತೆಯಲ್ಲಿ ತಡೆದು ನಿಲ್ಲಿಸಿದೆ. ಅಜ್ಜ ನನ್ನನ್ನೂ ನನ್ನ ಚಪ್ಪಲಿ-ಬೂಟನ್ನೂ ನೋಡಿದ.

"ಬೆಳಿ ಏನು ಹಾಕ್ತೀಯೋ ಯಪ್ಪಾ?"

"ಬನ್ನಿ."

"ಬನ್ನಿಗಿ ಕುರಿ ತರುಬಸ್ತಾರೇನು?"

"ಇನ್ನು ಮುಂದ ತರುಬಸ್ತಾರ."

ಮೂರು ದಿನ ಮುನ್ನೂರು ಕುರಿಗಳು ತೋಪಿನಲ್ಲಿದ್ದವು. ಮೇಯಲು ಏನೂ ಇಲ್ಲ ಎಂದು ನಾನು ಹೆದರಿದ್ದೆ. ಆದರೆ ಸುತ್ತಲ ಜಾಲಿಯ ಕೆಳಗೆ ಹಣ್ಣಾದ ಕಾಯಿಗಳು ರಾಶಿ ರಾಶಿ ಬಿದ್ದಿದ್ದವು. ಕುರಿಗಳು ಅವನ್ನು ಒಂದೂ ಬಿಡದೆ ತಿಂದವು. ಬೀಜ ನೆಲದಲ್ಲಿ ಉಳಿಯದಂತೆ ಪ್ರಕೃತಿಯೇ ಏರ್ಪಾಡು ಮಾಡಿದೆ ಎಂದು ನನಗೆ ಆನಂದವಾಯಿತು. ಟಿಪ್ಪಣಿ ಪುಸ್ತಕದಲ್ಲಿ 'ಜಾಲಿ ಬೀಜ: ಪೂರ್ಣ ನಿರ್ಮೂಲನ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಬನ್ನಿ ಬೀಜ ತರಲು ದೇವದುರ್ಗಕ್ಕೆ ಹೋದೆವು. ಮಾರೆಪ್ಪನ ಸೋದರಮಾವನ ಹೊಲದ ಬದುವಿನಲ್ಲಿ ಮೂರು ದೊಡ್ಡ ಬನ್ನಿ ಮರಗಳಿದ್ದವು. ಒಣಗಿದ ಕಾಯಿ ಒಂದು ಚೀಲ ತುಂಬಿಸಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರು ಚೀಲ ಒದ್ದು ನೋಡಿದ.

"ಏನಿದು?"

"ಬನ್ನಿ."

"ಹಂಗಾರ ಬಂಗಾರ ಒಯ್ಯಾಕತ್ತೀರಿ ಅನ್ರಿ!" ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ದಸರೆಯಲ್ಲಿ ನಮ್ಮಲ್ಲಿ ಬನ್ನಿ ಎಲೆ ಕೈಗೆ ಕೊಟ್ಟು 'ಬಂಗಾರ ತಗೊಂಡು ಬಂಗಾರದಂಗಿರ್ರಿ' ಎನ್ನುತ್ತೇವಲ್ಲ, ಅದು. ಬಸ್ಸಿನವರೆಲ್ಲ ನಕ್ಕರು. ಒಬ್ಬ ಅಜ್ಜಿ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರಾಯಚೂರು ತಲುಪುವವರೆಗೆ ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ.

ಇನ್ನೂರ ನಲವತ್ತು ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬಿ ಬೀಜ ಹಾಕುವ ದಿನ ಹನುಮಂತಪ್ಪ ತಕರಾರು ತೆಗೆದರು. ಕುರಿ ಕೂತ ಜಾಗದ ಮಣ್ಣು ಬೇಡ, ಹುಣಸೆ ಕೆಳಗಿನ ಮಣ್ಣು ಸಾಕು ಎಂದರು.

"ಹೊಲಕ್ಕ ಆದ್ರ ಆದೀತ್ರಿ, ಸಸಿಗಿ ಹಸಿ ಗೊಬ್ಬರ ಬ್ಯಾಡ."

ನಾನು ತೋಟಗಾರಿಕೆಯ ಪುಸ್ತಕ ತೆರೆದು ತೋರಿಸಿದೆ. ಅದರಲ್ಲಿ ಕುರಿಗೊಬ್ಬರ ಶ್ರೇಷ್ಠ ಎಂದು ಅಚ್ಚಾಗಿತ್ತು. 'ಚೆನ್ನಾಗಿ ಕೊಳೆತ' ಎಂಬ ಎರಡು ಪದಗಳು ಹಿಂದಿನ ಸಾಲಿನ ಕೊನೆಯಲ್ಲಿದ್ದವು. ಅವನ್ನು ನಾನು ಓದಿದ್ದು ನವೆಂಬರಿನಲ್ಲಿ.

ಹನುಮಂತಪ್ಪ ವಾದ ಮಾಡುವವರಲ್ಲ. ಕೊನೆಯ ಸಾಲಿನ ಹತ್ತು ಚೀಲಗಳಿಗೆ ಮಾತ್ರ ತಮ್ಮ ಪಾಡಿಗೆ ಹುಣಸೆ ಕೆಳಗಿನ ಮಣ್ಣು ತುಂಬಿ ಬೀಜ ಹಾಕಿದರು. ಜುಲೈ ನಡುವೆ ಕೂಡಿಬಿದ್ದ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ತಮ್ಮ ಊರು ಯಾಪಲದಿನ್ನಿಗೆ ಹೊರಟರು. ಅಲ್ಲಿ ಬಿತ್ತನೆ, ಮೇಲೆ ಮಗಳ ಬಾಣಂತನ. ದಸರೆ ಮುಗಿಸಿಕೊಂಡು ನಿವೃತ್ತಿಯ ವಾರಕ್ಕೆ ಬರುವವರು. ಹೋಗುವಾಗ ಹೇಳಿದರು:

"ನೀರಷ್ಟ ಹಾಕ್ರಿ ಸಾಹೇಬ್ರ. ಮತ್ತೇನೂ ಮಾಡಬ್ಯಾಡ್ರಿ."

ಈ ಸೂಚನೆಯ ಎರಡನೆಯ ಭಾಗ ನನಗೆ ಅವಮಾನಕರವಾಗಿ ಕಂಡಿತು.

ಮಳೆ ಬಿತ್ತು. ಮೊಳಕೆ ಎದ್ದವು. ಆಗಸ್ಟ್ ಮೊದಲ ವಾರ ನೋಡಿದರೆ ಒಂದೊಂದು ಚೀಲದಲ್ಲಿ ಎರಡು ಬಗೆಯ ಸಸಿ! ಎರಡರದೂ ಎಲೆ ಗರಿಗರಿಯಾಗಿ ಸಣ್ಣದು, ದೂರದಿಂದ ಅಣ್ಣತಮ್ಮಂದಿರಂತೆ. ಆದರೆ ಒಂದು ಗೇಣುದ್ದ, ಹಸಿರು, ಮಿಂಚುವಂಥದ್ದು. ಇನ್ನೊಂದು ಎರಡು ಬೆರಳು, ಬಡಕಲು, ಬದುಕಲು ಮನಸ್ಸಿಲ್ಲದಂಥದ್ದು. ಪುಸ್ತಕ ಸ್ಪಷ್ಟವಾಗಿ ಹೇಳಿತ್ತು: ದುರ್ಬಲ ಸಸಿಗಳನ್ನು ಕಿತ್ತು, ಸಬಲವಾದ ಒಂದನ್ನು ಉಳಿಸಿಕೊಳ್ಳಬೇಕು.

ಎರಡು ಭಾನುವಾರ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಚೀಲದಿಂದ ಬಡಕಲು ಸಸಿಗಳನ್ನು ನನ್ನ ಕೈಯಾರೆ ಕಿತ್ತೆ. ಒಂದನ್ನೂ ಬಿಡಲಿಲ್ಲ. ಅವುಗಳ ಬೇರು ಮಾತ್ರ ಆಶ್ಚರ್ಯವಾಗುವಷ್ಟು ಉದ್ದವಿದ್ದವು. ಕೆಲವು ಬರಲೊಲ್ಲವು. ಆದರೆ ನಾನು ಬಿಡುವವನಲ್ಲ! ಮಾರೆಪ್ಪ ಮಾಸ್ತರ ಬಂದು ನೋಡಿ, "ಭಾಳ ಶಿಸ್ತು ಅದ ನೋಡು ನಿನಗ" ಎಂದ. ಕೊನೆಯ ಸಾಲಿನ ಹನುಮಂತಪ್ಪನ ಹತ್ತು ಚೀಲಗಳಲ್ಲಿ ಬರೀ ಬಡಕಲೇ ಇದ್ದವು. ಅವುಗಳಲ್ಲಿ ಉಳಿಸಿಕೊಳ್ಳಲು ಸಬಲ ಸಸಿಯೇ ಇಲ್ಲದ್ದರಿಂದ ಇಡೀ ಸಾಲು ವಿಫಲವೆಂದು ತೀರ್ಮಾನಿಸಿ ನೀರು ನಿಲ್ಲಿಸಿದೆ. ಪಾಪ, ಹಳೆಯ ಕಾಲದ ಮನುಷ್ಯ, ಹೊಸ ವಿಧಾನ ಗೊತ್ತಿಲ್ಲ ಎಂದು ಮರುಗಿದೆ ಕೂಡ.

ಸೆಪ್ಟೆಂಬರ್ ಕೊನೆಗೆ ನನ್ನ ಬನ್ನಿಗಳು ಎರಡೂವರೆ ಅಡಿ. ಬನ್ನಿ ನಿಧಾನವಾಗಿ ಬೆಳೆಯುವ ಮರ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಕೈಗುಣದ ಮುಂದೆ ಅದು ನಿಯಮ ಮುರಿದಿತ್ತು. ಒಂದು ದಿನ ಶಾಂತಾ ಬಂದು ನೋಡಿದಳು. ಅವಳು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನವಳು, ಹೊಲ ಕಂಡವಳು.

"ಏನ್ರಿ, ಇದರ ಮುಳ್ಳು ಭಾಳ ಉದ್ದ ಅದಾವಲ್ಲ?"

"ಸಣ್ಣಂದಿನಾಗ ಎಲ್ಲಾ ಹಂಗ ಇರ್ತಾವ. ಆಮ್ಯಾಲ ಸೌಮ್ಯ ಆಗ್ತಾವ."

"ನಿಮ್ಮಂಗೇನು?"

ಸಂಶೋಧಕನಿಗೆ ಮನೆಯಲ್ಲಿ ಬೆಲೆ ಇಲ್ಲ.

ವಿಜಯದಶಮಿಗೆ ಮೂರು ದಿನ ಮುಂಚೆ ತೋಪಿನಲ್ಲೇ ಶಾಮಿಯಾನ ಹಾಕಿ ಸಸಿ ವಿತರಣೆ. ಅಕ್ಕಿ ಗಿರಣಿಯ ಶರಣಪ್ಪ ಸಾಹುಕಾರರ ಅಧ್ಯಕ್ಷತೆ. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು, ರೇಶಿಮೆ ರುಮಾಲು ಸುತ್ತಿಕೊಂಡು ಬಂದು, ಮೊದಲ ಸಸಿಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಎತ್ತಿಕೊಂಡ ತಕ್ಷಣ "ಶಿವ ಶಿವಾ!" ಎಂದರು. ಭಕ್ತಿಯಿಂದ ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮುಳ್ಳು ಹೆಬ್ಬೆರಳಿನಲ್ಲಿ ಅರ್ಧ ಇಂಚು ಇಳಿದಿತ್ತು.

ಹಂಚಿದ ಸಸಿಗಳು ಇನ್ನೂರ ಹದಿನೆಂಟು. ರಾಯಚೂರಿನ ಮನೆಗಳಿಗೆ, ದೇವದುರ್ಗದ ಒಂದು ಶಾಲೆಗೆ, ಮಾನ್ವಿ ಕಡೆಯ ಹಳ್ಳಿಗಳಿಗೆ ಹೋದವು. ಹಿರೇಕೊಟ್ನೆಕಲ್ಲಿನ ನನ್ನ ಮಾವನವರು ಬಂಡಿ ಕಟ್ಟಿಕೊಂಡು ಬಂದು ಆರು ಒಯ್ದರು. ಮರುದಿನ ಪತ್ರಿಕೆಯ ಜಿಲ್ಲಾ ಪುಟದ ತಲೆಯ ಮೇಲೆ ನಾಲ್ಕು ಕಾಲಮ್ಮಿನಲ್ಲಿ ನನ್ನ ವರದಿ: 'ರಾಯಚೂರಿಗೆ ಮರಳಿದ ಬಂಗಾರ'. ಫೋಟೋದಲ್ಲಿ ನಾನು, ಸಾಹುಕಾರರು, ಸಸಿ. ಸಾಹುಕಾರರ ಹೆಬ್ಬೆರಳಿಗೆ ಬಟ್ಟೆ.

ದಸರೆಯಂದು ಊರೆಲ್ಲ ನನ್ನ ಸಸಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪೂಜೆ ಮಾಡಿ ನೆಟ್ಟರು. ದಾರಿಯಲ್ಲಿ ಸಿಕ್ಕವರೆಲ್ಲ ನನಗೆ ಎಲೆ ಕೊಟ್ಟು ಕೈ ಮುಗಿದರು. ಆ ಹತ್ತು ದಿನ ನಾನು ನಡೆದಾಡಿದ್ದು ನೆಲದ ಮೇಲಲ್ಲ.

ಅಕ್ಟೋಬರ್ ಕೊನೆಯ ವಾರ, ಸೋಮವಾರ ಬೆಳಿಗ್ಗೆ ಹನುಮಂತಪ್ಪ ರಜೆ ಮುಗಿಸಿ ಬಂದರು. ಅವರಿಗೆ ತೋರಿಸಲೆಂದೇ ನಾನು ಆರು ಗಂಟೆಗೆ ತೋಪಿನಲ್ಲಿದ್ದೆ. ಹಂಚಿ ಉಳಿದ ಹನ್ನೆರಡು ಸಸಿಗಳನ್ನು ಸಾಲಾಗಿ ನಿಲ್ಲಿಸಿದ್ದೆ. ಅವರು ಗೇಟಿನಲ್ಲೇ ನಿಂತರು. ಅಷ್ಟು ದೂರದಿಂದಲೇ ನೋಡಿದರು. ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಹುಣಸೆಯ ಬುಡದಲ್ಲಿ ಕೂತುಬಿಟ್ಟರು.

"ಯಾಕ ಹನುಮಂತಪ್ಪ, ಆನಂದ ಆತೇನು?"

ಅವರು ಉತ್ತರ ಕೊಡುವ ಮೊದಲೇ ರಸ್ತೆಯಲ್ಲಿ ಗಂಟೆಯ ಸದ್ದಾಯಿತು. ಬೀರಪ್ಪಜ್ಜ ಮಳೆಗಾಲ ಕಳೆದು ಹಿಂಡಿನೊಂದಿಗೆ ವಾಪಸಾಗುತ್ತಿದ್ದ. ಐದಾರು ಕುರಿಗಳು ಹಳೆಯ ಪರಿಚಯದ ಮೇಲೆ ಸೀದಾ ಒಳಗೆ ನುಗ್ಗಿದವು. ನಾನು ಎರಡೂ ಕೈ ಚಾಚಿ ಸಸಿಗಳಿಗೆ ಅಡ್ಡ ನಿಂತೆ.

"ಅಜ್ಜಾ, ನಿನ್ನ ಕುರಿ ಹಿಡಿಯೋ! ಬನ್ನಿ ತಿಂದಾವು!"

ಅಜ್ಜ ಕೋಲಿಗೆ ಗದ್ದ ಊರಿ ಸಸಿಗಳನ್ನು ನೋಡಿದ.

"ಯಾವ ಬನ್ನಿ?"

"ಇವ!"

"ಸರಿ ಆಕಡಿ. ಅವನ್ನ ಕೇಳೂಣು."

ನಾನು ಸರಿದೆ. ಒಂದು ಕುರಿ ಬಂದು ಮೊದಲ ಸಸಿಯನ್ನು ಮೂಸಿತು, ಮುಖ ತಿರುಗಿಸಿತು. ಎರಡನೆಯದನ್ನು ಮೂಸಿ ಸೀನಿತು. ಹನ್ನೆರಡು ಸಸಿಗಳನ್ನೂ ಮೂರು ಕುರಿಗಳು ಪರಿಶೀಲಿಸಿದವು. ಒಂದು ಎಲೆಯನ್ನೂ ಮುಟ್ಟಲಿಲ್ಲ.

"ಬನ್ನಿ ಆಗಿದ್ರ ಇಷ್ಟೊತ್ತಿಗಿ ಕಡ್ಡಿ ಉಳೀತಿದ್ದಿಲ್ಲೋ ಯಪ್ಪಾ" ಎಂದ ಅಜ್ಜ. "ಇದು ಬಳ್ಳಾರಿ ಜಾಲಿ. ಬ್ಯಾಸಿಗ್ಯಾಗ ಕಾಯಿ ತಿಂದಿದ್ವಲ್ಲ, ಅದು ಹಿಕ್ಕ್ಯಾಗ ಬಂದು ನಾಟ್ಯಾದ. ಕುರಿ ಹೊಟ್ಟ್ಯಾಗ ಹಾದು ಬಂದ ಬೀಜ ಭಾಳ ಚುರುಕು. ಬಿತ್ತಿದ್ದು ನಮ್ಮ ಕುರಿ, ಅಖಬಾರಿನ್ಯಾಗ ಫೋಟೋ ನಿಂದು."

ನಾನು ಹನುಮಂತಪ್ಪನ ಕಡೆ ನೋಡಿದೆ. ಅವರು ನಿಧಾನವಾಗಿ ಕೇಳಿದರು:

"ಸಾಹೇಬ್ರ, ಇದರ ಜೋಡಿ ಸಣ್ಣವು ಎದ್ದಿರಬೇಕಲ್ಲ. ಎರಡು ಬೆರಳು, ಬಡಕಲು. ಬೇರು ಉದ್ದ. ಅವೆಲ್ಲಿ?"

ಬದುಕಿನಲ್ಲಿ ಅನೇಕ ಪ್ರಶ್ನೆಗಳಿಗೆ 'ತಿಳಿದುಬಂದಿಲ್ಲ' ಎಂದು ಬರೆದಿದ್ದೇನೆ. ಈ ಪ್ರಶ್ನೆಗೆ ಉತ್ತರ ನನಗೆ ಪೂರ್ತಿ ತಿಳಿದಿತ್ತು.

"ಕಿತ್ತೆ."

"ಎಷ್ಟು?"

"ಎಲ್ಲಾ."

ಹನುಮಂತಪ್ಪ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡರು. ಆಮೇಲೆ ಹೇಳಿದರು: "ಮೂವತ್ತು ವರ್ಷ ನಾ ಜಾಲಿ ಕಿತ್ತು ಬನ್ನಿ ಉಳಸ್ಲಾಕ ಒದ್ದಾಡಿದೆ. ನೀವು ಎರಡು ಐತವಾರದಾಗ ಉಲ್ಟಾ ಮಾಡಿ ತೋರಿಸಿದ್ರಿ."

ಬೈದಿದ್ದರೆ ಹಗುರವಾಗುತ್ತಿತ್ತು. ಅವರ ನಿವೃತ್ತಿಗೆ ಏಳು ದಿನ ಉಳಿದಿತ್ತು. ಅವರು ಕೇಳಿದ್ದು ಒಂದೇ ಬನ್ನಿ. ನಾನು ಕಿತ್ತದ್ದು ಇನ್ನೂರ ಮೂವತ್ತು.

ಆಗ ಒಂದು ಕುರಿ, ಕಿವಿ ಕತ್ತರಿಸಿದ ಕಪ್ಪು ಕುರಿ, ಹಿಂಡಿನಿಂದ ಬೇರೆಯಾಗಿ ಗೋಡೆಯ ಮೂಲೆಗೆ ಹೋಯಿತು. ಅಲ್ಲಿ ನಾನು ನೀರು ನಿಲ್ಲಿಸಿದ್ದ ಕೊನೆಯ ಸಾಲಿತ್ತು. ಒಂಬತ್ತು ಚೀಲಗಳು ಒಣಗಿದ್ದವು. ಹತ್ತನೆಯದರಲ್ಲಿ, ಯಾರ ಉಪಚಾರವೂ ಇಲ್ಲದೆ, ನಾಲ್ಕು ಬೆರಳೆತ್ತರದ ಒಂದು ಸಸಿ ಹಸಿರಾಗಿ ನಿಂತಿತ್ತು. ಕುರಿ ಅದನ್ನು ಮೂಸಿತು. ಅದರ ಮುಖ ಅರಳಿತು.

"ಬನ್ನಿ!" ಎಂದು ಬೀರಪ್ಪಜ್ಜ ಸಂತೋಷದಿಂದ ಕೂಗಿದ.

"ಬನ್ನಿ!" ಎಂದು ಹನುಮಂತಪ್ಪ ಎದ್ದು ಓಡಿದರು.

ನಾನೂ ಓಡಿದೆ. ಅಷ್ಟರಲ್ಲಿ ಕುರಿ ತಿಂದು ಮುಗಿಸಿತ್ತು!

ಉಳಿದದ್ದು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಕಾಂಡ. ನಾನು ಆ ಕುರಿಯ ಕುತ್ತಿಗೆ ಹಿಡಿದು ಬಾಯಿ ತೆರೆಸಲು ನೋಡಿದೆ ಎಂದು ಮಾರೆಪ್ಪ ಇಂದಿಗೂ ಹೇಳುತ್ತಾನೆ. ಅವನು ಅಲ್ಲಿರಲೇ ಇಲ್ಲ. ಆದರೆ ಸುದ್ದಿ ನಿಜ.

ಹನುಮಂತಪ್ಪ ಮೊಣಕಾಲೂರಿ ಕೂತು, ಚೀಲದ ಮಣ್ಣಿನೊಳಗೆ ಬೆರಳು ಹಾಕಿ ಬೇರು ಮುಟ್ಟಿ ನೋಡಿದರು. "ಜೀವ ಅದ" ಎಂದರು. "ಬನ್ನಿ ತಿಂದ್ರ ಸಾಯಂಗಿಲ್ಲ. ಚಿಗುರಿದ್ರ ಚಿಗುರ್ತದ. ನನ್ನ ಕಡಿ ಏಳು ದಿನ ಅದಾವ. ನೋಡೂಣು." ಎದ್ದು, ಚೀಲವನ್ನು ಎದೆಗವಚಿಕೊಂಡು ತೋಪಿನಲ್ಲೇ ಇದ್ದ ತಮ್ಮ ಗುಡಿಸಲ ಕಡೆ ನಡೆದರು. ನಾನು ಹಿಂದೆ ಹೋದೆ. ತಿರುಗಿ ನೋಡಿ, "ನೀವು ಬ್ಯಾಡ್ರಿ" ಎಂದರು. ಬಹಳ ಮರ್ಯಾದೆಯಿಂದಲೇ ಅಂದರು.

ಆ ಏಳು ದಿನ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು, ತಿದ್ದುಪಡಿ. ತಪ್ಪು ಯಾವ ಪುಟದಲ್ಲಿ ಬಂತೋ ತಿದ್ದುಪಡಿ ಅದೇ ಪುಟದಲ್ಲಿ ಬರಬೇಕು ಎಂಬುದು ನಮ್ಮಲ್ಲಿ ನಿಯಮ. ಸಂಪಾದಕರು ಫೋನಿನಲ್ಲಿ ಬಹಳ ಹೊತ್ತು ಕೆಮ್ಮಿದರು. ನಗುವನ್ನು ಕೆಮ್ಮಾಗಿ ಪರಿವರ್ತಿಸುವುದರಲ್ಲಿ ಅವರು ನಿಷ್ಣಾತರು. "ನೀವೇ ಬರೆದು ಕಳಿಸಿ" ಎಂದರು. ಬರೆದೆ: 'ಅಕ್ಟೋಬರ್ ಎರಡನೆಯ ವಾರ ಪ್ರಕಟವಾದ ವರದಿಯಲ್ಲಿ "ಬನ್ನಿ" ಎಂದಿರುವಲ್ಲೆಲ್ಲ "ಬಳ್ಳಾರಿ ಜಾಲಿ" ಎಂದೂ, "ಬಂಗಾರ" ಎಂದಿರುವಲ್ಲೆಲ್ಲ "ಮುಳ್ಳು" ಎಂದೂ ಓದಿಕೊಳ್ಳಬೇಕು. ಸಸಿ ಪಡೆದವರು ದಯವಿಟ್ಟು ಹಿಂದಿರುಗಿಸಬೇಕು.'

ಯಾರೂ ಹಿಂದಿರುಗಿಸಲಿಲ್ಲ. ಆಗ ಎರಡನೆಯ ಕೆಲಸ ಆರಂಭವಾಯಿತು: ಮನೆಮನೆಗೆ ಹೋಗಿ ಕೇಳುವುದು.

ಶರಣಪ್ಪ ಸಾಹುಕಾರರ ಗಿರಣಿಯ ಮುಂದೆ ಸಸಿಗೆ ಆಗಲೇ ಇಟ್ಟಿಗೆಯ ಕಟ್ಟೆ ಎದ್ದಿತ್ತು, ಸುಣ್ಣ ಬಳಿದಿತ್ತು, ಊದಿನಕಡ್ಡಿ ಉರಿಯುತ್ತಿತ್ತು.

"ಸಾಹುಕಾರ್ರ, ಅದು ಬನ್ನಿ ಅಲ್ಲ. ತೆಗೀಬೇಕು."

"ಓದೀನ್ರಿ ಪೇಪರಿನ್ಯಾಗ. ಆದ್ರ ಈ ಗಿಡ ಹಚ್ಚಿದ ಮರುದಿನ ಎರಡು ತಿಂಗಳಿಂದ ಬಂದ್ ಬಿದ್ದ ಮೋಟಾರು ತಾನ ಚಾಲೂ ಆತು. ಇದಕ್ಕೇನಂತೀರಿ?"

"ಮೆಕ್ಯಾನಿಕ್ ಬಂದಿದ್ನೇನ್ರಿ?"

"ಬಂದಿದ್ದ. ಆದ್ರ ಅಂವ ಮೊದ್ಲೂ ಎರಡು ಸಲ ಬಂದಿದ್ನಲ್ಲ!"

ಪ್ರಸಾದ ತಿಂದು ಬಂದೆ.

ಎಲ್ಲ ಕಡೆ ಇದೇ ಮಾತು. ಪೂಜೆ ಆಗಿದೆ, ಕೀಳಬಾರದು. ಜಾಲಿಯಾಗಿದ್ದರೆ ಕೀಳಬಹುದಿತ್ತು, ಬನ್ನಿ ಎಂದು ಕೈ ಮುಗಿದ ಮೇಲೆ ಹೇಗೆ ಕೀಳುವುದು? ಮಾರೆಪ್ಪ ತನ್ನ ಮನೆಯದನ್ನು ಕೀಳಲು ಹೋದರೆ ಅವನ ತಾಯಿ ಕಸಬರಿಗೆ ಹಿಡಿದು ಅಡ್ಡ ನಿಂತರು. "ಬೇಕಾದ್ರ ಅವತ್ತು ತೋಪಿನಿಂದ ಹೊತ್ಕೊಂಡು ಬಂದ ಕಟ್ಟಿಗಿ ಕೊಡ್ತೀನಿ. ಈ ಗಿಡ ಕೊಡಂಗಿಲ್ಲ." ಒಟ್ಟು ವಸೂಲಾದದ್ದು ಮೂವತ್ತೊಂದು.

ಶಾಂತಾಳನ್ನು ಕರೆದುಕೊಂಡು ಹಿರೇಕೊಟ್ನೆಕಲ್ಲಿಗೂ ಹೋದೆ. ಮಾವನವರು ಕಾಲಿಗೆ ನೀರು ಕೊಟ್ಟು, ಹೋಳಿಗೆ ಮಾಡಿಸಿ, ಪೂರ್ತಿ ಕೇಳಿಸಿಕೊಂಡರು.

"ಅಳಿಯಂದ್ರ, ಇದು ಬಳ್ಳಾರಿ ಜಾಲಿ ಅಂತ ನಾ ಬಂಡ್ಯಾಗ ಇಡಾಗ ನೋಡಿದ್ದೆ."

"ಮತ್ತ ಅವತ್ತ ಹೇಳಬೇಕಿಲ್ರೀ ಮಾವಾರ?"

"ಹ್ಯಾಂಗ ಹೇಳೂದ್ರಿ? ಸ್ಟೇಜಿನ ಮ್ಯಾಲ ಕುಂತಿದ್ರಿ. ಹಾರ ಬ್ಯಾರೆ ಹಾಕಿದ್ರು. ಮನಿ ಅಳಿಯ."

"ಈಗ ತೆಗೀರಲ್ಲ."

"ಊರಾಗ ಎಲ್ಲಾರಿಗೂ ನಮ್ಮ ಅಳಿಯಂದ್ರು ಕೊಟ್ಟ ಬನ್ನಿ ಅಂತ ಹೇಳೀನಿ. ಈಗ ಕಿತ್ರ ನಿಮ್ಮ ಮರ್ಯಾದಿ ಹೋಗ್ತದ."

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಅವಳೂ ಅವಳ ತಾಯಿಯೂ ನಗುವ ಸದ್ದು ಹೋಳಿಗೆ ತಣ್ಣಗಾಗುವವರೆಗೆ ಕೇಳಿಸಿತು.

ನಿವೃತ್ತಿಯ ದಿನ ಬೆಳಿಗ್ಗೆ ನಾನು ತೋಪಿನ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಹೋಗಲು ಧೈರ್ಯವಿರಲಿಲ್ಲ. ಶಾಂತಾ ಮಾತ್ರ ತಟ್ಟೆಯಲ್ಲಿ ಉಪ್ಪಿಟ್ಟು ಮುಚ್ಚಿಕೊಂಡು ಸೀದಾ ಒಳಗೆ ಹೋದಳು. ಐದು ನಿಮಿಷದ ನಂತರ ಅವಳ ಕೂಗು ಕೇಳಿತು:

"ಏನ್ರಿ, ಬರ್ರಿ ಇಲ್ಲಿ! ಹನುಮಂತಪ್ಪ ಕಾಕಾ ಕರ್ಯಾಕತ್ತಾರ!"

ಗುಡಿಸಲ ನೆರಳಿನಲ್ಲಿ ಆ ಚೀಲವಿತ್ತು. ಕಡ್ಡಿಯಂಥ ಕಾಂಡದ ಪಕ್ಕ, ಸಾಸಿವೆ ಕಾಳಿನಷ್ಟು ಎರಡು ಹಸಿರು ಮೊಗ್ಗು. ಹನುಮಂತಪ್ಪ ಅದನ್ನು ನೋಡುತ್ತ ಕೂತಿದ್ದರು. ಗಡ್ಡ ಮಾಡಿಸಿಕೊಂಡಿದ್ದರು. ಒಗೆದ ಧೋತರ ಉಟ್ಟಿದ್ದರು.

"ಸಾಹೇಬ್ರ, ಚಿಗುರ್ಯಾದ" ಎಂದರು. ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಚಿಗುರ್ಯಾದ ನೋಡ್ರಿ!"

ಒಣಗಿದ ಬನ್ನಿಯ ಪಕ್ಕದಲ್ಲೇ ಗುಂಡಿ ತೋಡಿದೆವು. ತೋಡಿದವನು ಮಾರೆಪ್ಪ. ಮಣ್ಣು ತಂದವಳು ಶಾಂತಾ, ಹುಣಸೆಯ ಕೆಳಗಿನಿಂದ. ಇಟ್ಟವರು ಹನುಮಂತಪ್ಪ. ಬೀರಪ್ಪಜ್ಜ ತನ್ನ ಕುರಿಗಳನ್ನು ಒಂದು ಮೈಲಿ ದೂರ ನಿಲ್ಲಿಸಿ ಒಬ್ಬನೇ ಬಂದಿದ್ದ. ಬೇಲಿಗೆ ಬೇಕಾದ ಮುಳ್ಳಿನ ಟೊಂಗೆಗಳು ತೋಪಿನಲ್ಲಿ ಧಾರಾಳವಾಗಿದ್ದವು. ನನಗೆ ವಹಿಸಿದ ಕೆಲಸ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು. ಅದನ್ನು ತಪ್ಪಿಲ್ಲದೆ ಮಾಡಿದೆ. ಎಲ್ಲರೂ ನಗುತ್ತಿದ್ದರು, ಹನುಮಂತಪ್ಪ ಎಲ್ಲರಿಗಿಂತ ಜೋರಾಗಿ. ಉಪ್ಪಿಟ್ಟು ಸಾಲದೆ ಶಾಂತಾ ಮತ್ತೆ ಮನೆಗೆ ಹೋಗಿ ಬಂದಳು.

ಇದು ನಡೆದು ಆರು ವರ್ಷ. ಹನುಮಂತಪ್ಪ ಪ್ರತಿ ವಿಜಯದಶಮಿಗೆ ಯಾಪಲದಿನ್ನಿಯಿಂದ ಮೊದಲ ಬಸ್ಸಿಗೆ ಬರುತ್ತಾರೆ. ಕಳೆದ ತಿಂಗಳು, ಅಂದರೆ 1989ರ ದಸರೆಗೆ ಬಂದಾಗ ಬನ್ನಿ ಅವರ ಎದೆಯ ಮಟ್ಟಕ್ಕಿತ್ತು. ಮೊದಲ ಸಲ ಅದರಿಂದ ಎಲೆ ಕಿತ್ತು ಎಲ್ಲರಿಗೂ ಹಂಚಿದರು. ನನ್ನ ಪಾಲಿನ ಎಲೆಯನ್ನು ಶಾಂತಾಳ ಕೈಗೆ ಕೊಟ್ಟರು.

ಈ ಸೋಮವಾರ ಹಿರೇಕೊಟ್ನೆಕಲ್ಲಿನಿಂದ ಮಾವನವರ ಕಾರ್ಡು ಬಂದಿದೆ. ಎಲ್ಲರೂ ಕ್ಷೇಮ. ನಾನು ಕೊಟ್ಟ ಆರೂ ಗಿಡಗಳು ಮನೆಯ ಮಾಳಿಗೆ ಮೀರಿ ಬೆಳೆದು ಈ ವರ್ಷ ವಿಪರೀತ ಕಾಯಿ ಬಿಟ್ಟಿವೆ. ಅಳಿಯಂದಿರ ಹೆಸರು ಹೇಳಿ ಸುತ್ತಲಿನ ಹಳ್ಳಿಗಳವರು ಬೀಜ ಒಯ್ಯುತ್ತಿದ್ದಾರೆ.